ಕಂಡ ನಗು ಕ್ಯಾಮೆರಾಗೆ ಸಿಗುವುದಿಲ್ಲ

ಕ್ಯಾಮೆರಾ ಕೆಳಗಿಟ್ಟ ಮೇಲೆ ನನಗೆ ಹೊಸದೊಂದು ಉದ್ಯೋಗ ಗಂಟುಬಿದ್ದಿದೆ. ಗುಬ್ಬಿ ಬಸ್‌ ಸ್ಟ್ಯಾಂಡಿನಲ್ಲಿ ಸೊಪ್ಪು ಆರಿಸುತ್ತಿದ್ದರೂ ಸರಿ, ತುಮಕೂರಿನಲ್ಲಿ ಹಲ್ಲಿನ ಡಾಕ್ಟರ ಮುಂದೆ ಬಾಯಿ ತೆರೆದುಕೊಂಡು ಕೂತಿದ್ದರೂ ಸರಿ, ಯಾರಾದರೊಬ್ಬರು ಬಂದು, "ಸರೋಜಕ್ಕ, ನಮ್ಮ ಹುಡ್ಗಿ ಫೋಟೊ ಕೆಲ್ಸಕ್ಕೆ ಇಳೀತೀನಿ ಅಂತವ್ಳೆ. ಯಾವ ಕ್ಯಾಮೆರಾ ಕೊಡ್ಸಣ?" ಎಂದು ಕೇಳುತ್ತಾರೆ. ಡಾಕ್ಟರೇ ಒಮ್ಮೆ ಕೇಳಿದರು. ನನ್ನ ಬಾಯಲ್ಲಿ ಅವರದೇ ಸಲಕರಣೆ ಇದ್ದುದರಿಂದ ಅವತ್ತು ಅವರಿಗೆ ಉತ್ತರ ಸಿಗಲಿಲ್ಲ.

ನಿಜ ಹೇಳಬೇಕೆಂದರೆ ಈಗಿನ ಹೊಸ ಕ್ಯಾಮೆರಾಗಳ ವಿಷಯ ನನಗೆ ಅಷ್ಟಕ್ಕಷ್ಟೆ. ನಾನು ಅರೆದು ಕುಡಿದಿರುವುದು ಒಂದೇ ಒಂದು ಕ್ಯಾಮೆರಾವನ್ನು. ಅದು ನಡುವಿನ ದರ್ಜೆಯ ಡಿಎಸ್‌ಎಲ್‌ಆರ್. ಟೂರಿಗೆ ಹೋಗುವವರು ಕೊರಳಿಗೆ ಹಾಕಿಕೊಳ್ಳುವ ಅಗ್ಗದ್ದೂ ಅಲ್ಲ, ದೊಡ್ಡ ಪತ್ರಿಕೆಯವರು ಹೊರುವ ದುಬಾರಿಯದ್ದೂ ಅಲ್ಲ. ನಮ್ಮಂಥ ನಡುಮಟ್ಟದ ಸಂಸಾರ ಇದ್ದ ಹಾಗೆ ಅದು. ಯಾವುದಕ್ಕೂ ಇಲ್ಲ ಅನ್ನುವುದಿಲ್ಲ, ಯಾವುದನ್ನೂ ಧಾರಾಳವಾಗಿ ಕೊಡುವುದೂ ಇಲ್ಲ. ಗುಬ್ಬಿ, ತುಮಕೂರು, ಕುಣಿಗಲ್ಲು ಎಂದು ನಾನು ತೆಗೆದ ಮದುವೆಗಳೆಲ್ಲ ಹೆಚ್ಚುಕಡಿಮೆ ಅದರಲ್ಲೇ. ನನಗಿಂತ ಮೊದಲು ನನ್ನ ಕತ್ತು ನಿವೃತ್ತಿ ಕೇಳಿತು. ಅದೂ ಆ ಕ್ಯಾಮೆರಾದ ಭಾರದಿಂದಲೇ.

ಮೊದಲು ಒಳ್ಳೆಯದನ್ನು ಹೇಳಿಬಿಡುತ್ತೇನೆ. ಅದರ ಬ್ಯಾಟರಿಯ ತಾಕತ್ತು ದೊಡ್ಡದು. ಚಪ್ಪರದ ದಿನ ಚಾರ್ಜ್ ಮಾಡಿದರೆ ಬೀಗರೂಟದ ಬಾಳೆಲೆ ಎತ್ತುವವರೆಗೂ ಉಸಿರು ಹಿಡಿದಿರುತ್ತಿತ್ತು. ಕೈಗೆ ಸಿಕ್ಕರೆ ಗಟ್ಟಿಯಾಗಿ ಕೂರುತ್ತಿತ್ತು, ಗುಂಡಿಗಳು ಎಲ್ಲಿವೆ ಎಂದು ನೋಡದೆಯೇ ಬೆರಳು ಹೋಗುತ್ತಿತ್ತು. ಗಟ್ಟಿತನವಂತೂ ಕೇಳಬೇಡಿ. ಯಡಿಯೂರಿನ ಒಂದು ಛತ್ರದಲ್ಲಿ ಊಟದ ಫೋಟೊ ತೆಗೆಯಲು ಬೆಂಚು ಹತ್ತಿದವಳು ಜಾರಿದೆ. ನಾನು ಬಿದ್ದದ್ದು ನೆಲಕ್ಕೆ, ಕ್ಯಾಮೆರಾ ಬಿದ್ದದ್ದು ಕೋಸಂಬರಿಯ ಬೇಸನ್ನಿಗೆ. ಎಲ್ಲರೂ "ಅಯ್ಯಯ್ಯೋ" ಎಂದು ಓಡಿಬಂದು ಕ್ಯಾಮೆರಾವನ್ನು ಎತ್ತಿದರು. ನನ್ನನ್ನು ಆಮೇಲೆ ಎತ್ತಿದರು. ಕೊತ್ತಂಬರಿ ಸೊಪ್ಪು ಒರೆಸಿ ಗುಂಡಿ ಒತ್ತಿದರೆ ಏನೂ ಆಗಿಲ್ಲವೆಂಬಂತೆ ಕೆಲಸ ಮಾಡಿತು.

ಈ ಕೆಲಸ ನನಗೆ ಕಲಿಸಿದವರು ಅಮೀರ್ ಸಾಬರು. ತುಮಕೂರಿನಲ್ಲಿ ಅವರ ಸ್ಟುಡಿಯೊ. ಊರಿನ ಮುಸ್ಲಿಂ ಮನೆತನಗಳ ಮದುವೆಗಳಲ್ಲಿ ಹೆಂಗಸರ ಕಡೆಯ ಫೋಟೊ ತೆಗೆಯಲು ಹೆಂಗಸೇ ಬೇಕಿತ್ತು. ಅಂಥವರು ಯಾರೂ ಇಲ್ಲದೆ ಎಷ್ಟೋ ಆಲ್ಬಂಗಳಲ್ಲಿ ಮದುವಣಗಿತ್ತಿಯ ಕಡೆಯದೇನೂ ಇರುತ್ತಿರಲಿಲ್ಲ. ಅಂಗಡಿಯ ಕೌಂಟರಿನಲ್ಲಿ ಪಾಸ್‌ಪೋರ್ಟ್ ಫೋಟೊ ಕತ್ತರಿಸುತ್ತಿದ್ದ ನನ್ನನ್ನು ಅವರು ಒಂದು ದಿನ ಕರೆದು ಕ್ಯಾಮೆರಾ ಕೈಗಿಟ್ಟರು. "ಕತ್ರಿ ಹಿಡಿಯೋ ಕೈ ನೆಟ್ಟಗಿದೆ. ಇದನ್ನೂ ಹಿಡಿ" ಎಂದರು. ಗುಬ್ಬಿಯಲ್ಲಿ ನಮ್ಮವ್ವನ ಚಿಂತೆ ಬೇರೆ. "ಎಲ್ರೂ ಪಂಕ್ತೀಲಿ ಕೂತ್ರೆ ನೀನೊಬ್ಳು ನಿಂತಿರ್ತೀಯಲ್ಲೇ. ಹೊಟ್ಟೆ ಗತಿ ಏನೇ?" ಅವ್ವನ ಮಾತು ಸುಳ್ಳಾಗಲಿಲ್ಲ. ನನ್ನ ವೃತ್ತಿಜೀವನದಲ್ಲಿ ಬಿಸಿ ಅನ್ನ ಉಂಡ ಮದುವೆ ನೆನಪಿಲ್ಲ.

ಸಾಬರು ಹೇಳಿಕೊಟ್ಟ ಮೊದಲ ಪಾಠವನ್ನು ಹೊಸಬರಿಗೆ ಹೇಳಲೇಬೇಕು. ಡಿಎಸ್‌ಎಲ್‌ಆರ್ ಒಳಗೆ ಒಂದು ಪುಟ್ಟ ಕನ್ನಡಿ ಇದೆ. ಲೆನ್ಸಿನಿಂದ ಬಂದ ಬೆಳಕನ್ನು ಅದು ನಮ್ಮ ಕಣ್ಣಿಗೆ ಕೊಡುತ್ತದೆ. ಗುಂಡಿ ಒತ್ತಿದೊಡನೆ ಆ ಕನ್ನಡಿ 'ಖಟಕ್' ಎಂದು ಮೇಲಕ್ಕೆ ಏಳುತ್ತದೆ, ಬೆಳಕು ಹಿಂದಕ್ಕೆ ಹೋಗಿ ಫೋಟೊ ಆಗುತ್ತದೆ. ಆ ರೆಪ್ಪೆ ಬಡಿಯುವಷ್ಟು ಹೊತ್ತು ನಮ್ಮ ಕಣ್ಣಿಗೆ ಬರೀ ಕತ್ತಲು. ಅಂದರೆ ಫೋಟೊ ಆದ ಗಳಿಗೆಯನ್ನು ಛತ್ರದಲ್ಲಿದ್ದ ಎಲ್ಲರೂ ನೋಡಿರುತ್ತಾರೆ, ತೆಗೆದವಳೊಬ್ಬಳನ್ನು ಬಿಟ್ಟು. ನಾನು ಶುರುವಿನಲ್ಲಿ, "ಸಾಬ್, ಮದುಮಗಳು ಎಷ್ಟು ಚೆನ್ನಾಗಿ ನಕ್ಕಳು ಗೊತ್ತಾ, ಕಣ್ಣಾರೆ ಕಂಡೆ" ಎಂದು ಸಂಭ್ರಮದಿಂದ ಹೇಳಿದರೆ ಅವರು ತಲೆಯೆತ್ತದೆ, "ಅರೇ, ಕಂಡ್ತಾ? ಹಂಗಾದ್ರೆ ಹೋಯ್ತು ಬುಡಮ್ಮ" ಎನ್ನುತ್ತಿದ್ದರು. ಕಾರ್ಡ್ ಹಾಕಿ ನೋಡಿದರೆ ಅವರು ಹೇಳಿದ್ದೇ ನಿಜ. ನಗು ಮುಗಿದ ಮೇಲಿನ ಮುಖ ಮಾತ್ರ ಇರುತ್ತಿತ್ತು.

ಈಗಿನ ಕ್ಯಾಮೆರಾಗಳಲ್ಲಿ ಕನ್ನಡಿಯೂ ಇಲ್ಲ, ಆ ಕತ್ತಲೂ ಇಲ್ಲ, ಸದ್ದೂ ಇಲ್ಲ. ಪುಣ್ಯವಂತರು ನೀವು.

ಇನ್ನೊಂದು ದೌರ್ಬಲ್ಯ, ದೂಳು. ಲೆನ್ಸ್ ಬದಲಿಸುವಾಗ ಒಳಗೆ ಒಂದು ಕಣ ಹೋಗಿ ಕೂತರೆ ಮುಗಿಯಿತು, ಪ್ರತಿ ಫೋಟೊದಲ್ಲೂ ಒಂದೇ ಜಾಗದಲ್ಲಿ ಕಪ್ಪು ಚುಕ್ಕೆ. ಗುಬ್ಬಿಯ ಹತ್ತಿರ ಒಂದು ಮನೆಯಲ್ಲಿ ಕೊಬ್ಬರಿ ಸುಲಿಯುತ್ತಿದ್ದ ಅಂಗಳದಲ್ಲೇ ನಿಂತು ಲೆನ್ಸ್ ಬದಲಿಸಿದ ಜಾಣೆ ನಾನು. ಬಿಸಿಲಿನಲ್ಲಿ ತೆಗೆದ ಫೋಟೊಗಳಲ್ಲೆಲ್ಲ ಚುಕ್ಕೆ ಎದ್ದು ಕಂಡಿತು. ಮದುಮಗಳ ದೊಡ್ಡ ಫೋಟೊದಲ್ಲಂತೂ ಅದು ಸರಿಯಾಗಿ ಕೆನ್ನೆಯ ಮೇಲೇ ಬಂದು ಕೂತಿತ್ತು. ಗಡಿಬಿಡಿಯಲ್ಲಿ ಅಳಿಸುವುದನ್ನೂ ಮರೆತು ಕೊಟ್ಟುಬಿಟ್ಟೆ. ಬೈಗುಳ ತಿನ್ನಲು ಸಜ್ಜಾಗಿ ನಿಂತರೆ ಆ ಮನೆಯ ಅಜ್ಜಿ ಫೋಟೊವನ್ನು ಕಣ್ಣಿಗೊತ್ತಿಕೊಂಡು, "ನೋಡ್ರೇ, ಫೋಟೊದಾಗೂ ಮರೀದಂಗೆ ದೃಷ್ಟಿಬೊಟ್ಟು ಇಕ್ಕವ್ಳೆ. ಕೆಲ್ಸ ಅಂದ್ರೆ ಇದು" ಎಂದರು. ನಾನು ವಿನಯದಿಂದ ತಲೆ ಬಗ್ಗಿಸಿದೆ. ಅಷ್ಟರಲ್ಲಿ ಯಾರೋ ಪುಟ ತಿರುವಿದರು. ಅದೇ ಬೊಟ್ಟು ಹುಡುಗನ ಸೋದರಮಾವನ ಮೂಗಿನ ತುದಿಯಲ್ಲಿತ್ತು. ಅಜ್ಜಿ ಒಂದು ಗಳಿಗೆ ಯೋಚಿಸಿ, "ಅವ್ನಿಗೂ ಬೇಕಾಗಿತ್ತು ಬುಡು" ಎಂದುಬಿಟ್ಟರು.

ಮೂರನೆಯದು, ಅದಕ್ಕೆ ಒಂದೇ ಸಮನೆ ಬಡಿಸಿದರೆ ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ದುಬಾರಿ ಕ್ಯಾಮೆರಾಗಳು ಎಷ್ಟು ಒತ್ತಿದರೂ ನುಂಗುತ್ತವೆ. ನಮ್ಮದು ಸ್ವಲ್ಪ ಹೊತ್ತಿಗೇ ಕೆಂಪು ದೀಪ ಹಚ್ಚಿಕೊಂಡು, ತಿಂದದ್ದು ಕಾರ್ಡಿಗೆ ಇಳಿಯುವವರೆಗೂ ಅಲ್ಲಾಡದೆ ಕೂರುತ್ತದೆ. ಒಂದು ಮದುವೆಯಲ್ಲಿ ಗಟ್ಟಿಮೇಳ ಶುರುವಾದೊಡನೆ ನಾನು ಉತ್ಸಾಹಕ್ಕೆ ಬೆರಳೆತ್ತದೆ ಒತ್ತಿದೆ. ತಾಳಿ ಕೊರಳಿಗೆ ಬಂತು, ಕೆಂಪು ದೀಪವೂ ಬಂತು. ಹುಡುಗ ಮೊದಲ ಗಂಟು ಹಾಕಿದ. ಕ್ಯಾಮೆರಾ ಜಪ ಮಾಡುತ್ತಿತ್ತು. ನಮ್ಮ ಕಡೆ ಉಳಿದ ಗಂಟುಗಳನ್ನು ಹುಡುಗನ ಅಕ್ಕ ಹಾಕುವ ಪದ್ಧತಿಯಿದೆಯಲ್ಲ, ಅದೇ ನನ್ನ ಮಾನ ಉಳಿಸಿತು. ಆಲ್ಬಂ ನೋಡಿದ ಹುಡುಗ ಮಾತ್ರ, "ಸರೋಜಕ್ಕ, ಇದನ್ನ ನೋಡಿದ್ರೆ ನಮ್ಮಕ್ಕನೇ ಮದ್ವೆ ಆದಂಗೈತಲ್ಲ" ಎಂದ. ಅಮೀರ್ ಸಾಬರಿಗೆ ಸುದ್ದಿ ಮುಟ್ಟಿ, "ಫೋಟೊ ತೆಗಿ ಅಂತ ಕಳ್ಸಿದ್ನಾ, ಪಟಾಕಿ ಹೊಡಿ ಅಂತಾನಾ?" ಎಂದು ಉಗಿದರು. ಅವತ್ತಿನಿಂದ ಮುಖ್ಯವಾದ ಗಳಿಗೆಯಲ್ಲಿ ಒಂದೇ ಸಲ ಒತ್ತುವುದನ್ನು ಅಭ್ಯಾಸ ಮಾಡಿಕೊಂಡೆ.

ಈ ಒಂದೇ ಒತ್ತಿನಿಂದ ಆದ ಫೋಟೊ ಒಂದಿದೆ. ಕ್ಯಾಮೆರಾದ ಗುಣದೋಷವನ್ನೆಲ್ಲ ಒಟ್ಟಿಗೆ ತೂಗಿ ತೋರಿಸು ಎಂದರೆ ನಾನು ಹೇಳುವುದು ಅದರ ಕಥೆಯನ್ನೇ.

ಸಾಬರು ಅಂಗಡಿ ಮುಚ್ಚಿದ ಮೇಲೆ ನಾನು ಗುಬ್ಬಿಯಲ್ಲಿ ನನ್ನದೇ ಪುಟ್ಟ ಸ್ಟುಡಿಯೊ ಇಟ್ಟಿದ್ದೆ. ಒಂದು ಸಂಜೆ ಪವಿತ್ರ ಎಂಬ ಹುಡುಗಿ ಬಂದಳು. ವಸಂತನರಸಾಪುರದ ಫ್ಯಾಕ್ಟರಿಯೊಂದರಲ್ಲಿ ಕೆಲಸ, ಕೊರಳಲ್ಲಿ ಐಡಿ ಕಾರ್ಡ್ ಇನ್ನೂ ಹಾಗೇ ನೇತಾಡುತ್ತಿತ್ತು. ಅವಳ ಜೊತೆ ಕೆಲಸ ಮಾಡುವವಳ ಮದುವೆ ತೆಗೆದವಳು ನಾನೇ ಎಂದು ವಿಳಾಸ ಹಿಡಿದು ಬಂದಿದ್ದಳು. ಊರು ಕುಣಿಗಲ್ ಕಡೆಯ ಕೊತ್ತಗೆರೆ. ನಾನು ರೂಢಿಯಂತೆ ಹಳೆಯ ಆಲ್ಬಂಗಳನ್ನು ಮುಂದೆ ಹರಡಿದರೆ ಅವಳು ಮುಟ್ಟಲೂ ಇಲ್ಲ.

"ಅಕ್ಕ, ಡ್ರೋನು, ಪ್ರೀವೆಡ್ಡಿಂಗು ಏನೂ ಬ್ಯಾಡ. ನಮ್ಮಪ್ಪ ನಗೋ ಒಂದು ಫೋಟೊ ಬೇಕು."

"ಅದೇನ್ ದೊಡ್ಡದು ಬುಡಮ್ಮ."

"ದೊಡ್ಡದೇ ಕಣಕ್ಕ" ಎಂದಳು.

ಅವಳ ಅಪ್ಪ ರಂಗಪ್ಪನವರಿಗೆ ಕೆಲವು ವರ್ಷಗಳ ಹಿಂದೆ ಮುಖಕ್ಕೆ ಲಕ್ವಾ ಹೊಡೆದಿತ್ತು. ಉಳಿದಂತೆ ಆರೋಗ್ಯವಾಗಿದ್ದರು, ಬಾಯಿ ಮಾತ್ರ ಒಂದು ಕಡೆಗೆ ಎಳೆದುಕೊಂಡು ನಿಂತುಬಿಟ್ಟಿತ್ತು. ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ನಗುವವರು ಈಗಲೂ ಅವರೇ. ಆದರೆ ನಗು ಬರುವ ಮೊದಲೇ ಕೈ ಹೆಗಲ ಮೇಲಿನ ಟವಲಿಗೆ ಹೋಗುತ್ತಿತ್ತು, ಟವಲು ಬಾಯಿಗೆ ಬರುತ್ತಿತ್ತು. ನಿಶ್ಚಿತಾರ್ಥದ ಫೋಟೊಗಳಲ್ಲಿ ಅವರದು ಒಂದು ಮೊಣಕೈ ಬಿಟ್ಟರೆ ಬೇರೇನೂ ಸಿಕ್ಕಿರಲಿಲ್ಲ.

"ಮನೇಲಿ ಫೋನಲ್ಲಿ ತೆಗೀಬೋದಲ್ಲಮ್ಮ?"

"ನಾವು ಫೋನ್ ಎತ್ತಿದ್ರೆ ಅವ್ರು ಟವಲ್ ಎತ್ತುತಾರೆ. ಲಕ್ವಾ ಹೊಡುದ್ಮೇಲೆ ನಮ್ಮಪ್ಪಂದು ಒಂದ್ ಫೋಟೊನೂ ಇಲ್ಲ ಅಕ್ಕ. ಕೇಳಿದ್ರೆ, ಹಳೇದು ಗೋಡೆ ಮೇಲೈತಲ್ಲ ನೋಡ್ಕೋ ಅಂತಾರೆ. ನಂಗೆ ಹಳೇ ಅಪ್ಪ ಬ್ಯಾಡ. ಈಗಿರೋ ಅಪ್ಪ ಬೇಕು." ಹೇಳುತ್ತಾ ಹೇಳುತ್ತಾ ಐಡಿ ಕಾರ್ಡಿನ ದಾರವನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ನಾನು ಒಪ್ಪಿಕೊಂಡು ಮುಹೂರ್ತದ ದಿನ ಬರೆದುಕೊಂಡೆ.

ಕುಣಿಗಲ್ಲಿನ ಛತ್ರದಲ್ಲಿ ಮದುವೆ. ರಂಗಪ್ಪನವರು ಭಾರೀ ಚಾಲಾಕು. ನಾನು ಮಂಟಪದ ಕಡೆ ತಿರುಗಿದರೆ ಅವರು ಬಾಗಿಲಿನಲ್ಲಿ, ಬಾಗಿಲಿಗೆ ತಿರುಗಿದರೆ ಅಡುಗೆಮನೆಯಲ್ಲಿ. ಹೆಚ್ಚಿನ ಹೊತ್ತು ಸರಿಯಾಗಿ ನನ್ನ ಬೆನ್ನ ಹಿಂದೆಯೇ ಇರುತ್ತಿದ್ದರು. ನನ್ನ ಕ್ಯಾಮೆರಾದ ಖಟಕ್ ಸದ್ದು ಅವರಿಗೆ ಚೆನ್ನಾಗಿ ಉಪಯೋಗಕ್ಕೆ ಬಂತು. ಒಂದು ಖಟಕ್ ಕೇಳಿದರೆ ಸಾಕು, ನಾನು ಎಲ್ಲಿದ್ದೇನೆಂದು ಗೊತ್ತಾಗಿ ಮುಖ ತಿರುಗಿಸುತ್ತಿದ್ದರು. ಕದ್ದು ತೆಗೆಯಬೇಕಾದ ಕಡೆ ಈ ಕ್ಯಾಮೆರಾದಷ್ಟು ನಾಲಾಯಕ್ಕು ಇನ್ನೊಂದಿಲ್ಲ. ವೀಡಿಯೊದವನು, "ಸರೋಜಕ್ಕ, ಇವತ್ತು ನಿಮಗೆ ಬಾಡಿಗಾರ್ಡ್ ಇಟ್ಟವ್ರೆ" ಎಂದು ನಗುತ್ತಿದ್ದ.

ತಿಂಡಿಯ ಹೊತ್ತಿಗೆ ನೇರವಾಗಿಯೇ ಕೇಳಿದೆ. "ಅಣ್ಣ, ಮಗಳ ಜೊತೆ ನಿಂತ್ಕೊಳಿ. ಒಂದೇ ಒಂದು."

"ಈ ಮೂತಿ ಇಟ್ಕಂಡು ಆಲ್ಬಂ ಯಾಕ್ ಕೆಡ್ಸದು ತಾಯಿ? ಮಂಟಪದ ಹೂವು ಏನ್ ಚೆಂದಾಗಿ ಕಟ್ಟವ್ರೆ ನೋಡಿ. ಅದ ತೆಗೀರಿ" ಎಂದು, ಕೈ ಮುಗಿದು, ಉಪ್ಪಿಟ್ಟು ಬಡಿಸುವ ನೆಪದಲ್ಲಿ ಹೋಗಿಬಿಟ್ಟರು. ಅಷ್ಟು ಸೌಮ್ಯವಾಗಿ ಹೇಳಿದ್ದಕ್ಕೇ ನನಗೆ ಹೆಚ್ಚು ಸಂಕಟವಾಯಿತು. ಜಗಳವಾಡಿದ್ದರೆ ನಾನೂ ಆಡುತ್ತಿದ್ದೆ. ಅದರಲ್ಲಿ ನಾನು ಹಿಂದೆ ಬಿದ್ದವಳಲ್ಲ.

ಉಪ್ಪಿಟ್ಟು ಆರಿಸಿಕೊಂಡು ತಿನ್ನುತ್ತಿದ್ದಾಗ ಒಂದು ವಿಷಯ ಹೊಳೆಯಿತು. ಧಾರೆ! ಧಾರೆ ಎರೆಯುವಾಗ ಮಗಳ ಕೈ, ಅಳಿಯನ ಕೈ, ತೆಂಗಿನಕಾಯಿ ಎಲ್ಲವನ್ನೂ ಸೇರಿಸಿ ಹಿಡಿಯಬೇಕಾದವರು ಅಪ್ಪ. ತಾಯಿ ಮೇಲಿನಿಂದ ಹಾಲು ಬಿಡುತ್ತಾಳೆ. ಅಪ್ಪನ ಎರಡು ಕೈಯೂ ಅಲ್ಲೇ ಸಿಕ್ಕಿಕೊಂಡಿರುತ್ತವೆ. ಟವಲು ಹೆಗಲ ಮೇಲಿದ್ದರೂ ತೆಗೆಯಲು ಮೂರನೇ ಕೈ ಬೇಕು. ನಗುತ್ತಾರೋ ಇಲ್ಲವೋ ದೇವರೇ ಬಲ್ಲ, ನಕ್ಕರೆ ಮಾತ್ರ ಅಡ್ಡ ಬರುವುದು ಏನೂ ಇರುವುದಿಲ್ಲ. ಹೋಗಿ ಮಂಟಪದ ಕಂಬಕ್ಕೆ ಒರಗಿ ಜಾಗ ಹಿಡಿದೆ. ಅವರ ಕಿವಿಗೆ ಎಚ್ಚರ ಕೊಡಬಾರದೆಂದು ಬೇರೆ ಯಾವ ಫೋಟೊವನ್ನೂ ತೆಗೆಯಲಿಲ್ಲ. ಹುಡುಗನ ಚಿಕ್ಕಮ್ಮ, "ಇವ್ಳೇನು ಕೆಲ್ಸ ಬಿಟ್ಟು ಕಂಬ ಹಿಡ್ಕಂಡವ್ಳೆ" ಎಂದು ಗೊಣಗಿದ್ದೂ ಕೇಳಿಸಿತು.

ಧಾರೆ ಶುರುವಾಯಿತು. ರಂಗಪ್ಪನವರ ಹೆಂಡತಿ ಜಯಮ್ಮ ಹಾಲಿನ ಚೊಂಬು ಬಗ್ಗಿಸಿದರು. ಅಳು ನುಂಗುವ ಗಡಿಬಿಡಿಯಲ್ಲಿ ಚೊಂಬು ಹೆಚ್ಚೇ ಬಾಗಿ ಹಾಲು ಒಮ್ಮೆಲೇ ಸುರಿಯಿತು. ಅದು ತೆಂಗಿನಕಾಯಿಯ ಮೇಲೆ ಬೀಳದೆ ರಂಗಪ್ಪನವರ ಅಂಗಿಯ ತೋಳಿನೊಳಕ್ಕೆ ಹೋಗಿ ಮೊಣಕೈವರೆಗೂ ಹರಿಯಿತು. ಕಚಗುಳಿಯಾಗಿರಬೇಕು, ಅವರು ಮೈ ಹಿಂಡಿಕೊಂಡರು. "ನೆಟ್ಟಗೆ ಹಿಡ್ಕಳಿ ಅಂದ್ರೆ" ಎಂದು ಜಯಮ್ಮ ಅಳುವಿನ ನಡುವೆಯೇ ಗದರಿದರು. ರಂಗಪ್ಪನವರ ಕೆನ್ನೆ ಅಲುಗಿತು. ನಾನು ಒತ್ತಿದೆ.

ಖಟಕ್. ಕತ್ತಲು.

ಮತ್ತೆ ಬೆಳಕಾದಾಗ ಅವರು ಮುಖ ಬಿಗಿದುಕೊಂಡು ಪುರೋಹಿತರ ಕಡೆ ತಿರುಗಿದ್ದರು. ಫ್ಲ್ಯಾಶ್ ಕೂಡ ಆ ಗಳಿಗೆಯಲ್ಲೇ ಕೈಕೊಟ್ಟಿತ್ತು. ಮುಂಜಾನೆಯಿಂದ ಹುಡುಗನ ಗೆಳೆಯರ ಗುಂಪಿನ ಮೇಲೆ ಮಿಂಚಿ ಮಿಂಚಿ ಅದರ ಬ್ಯಾಟರಿ ಸೋತಿತ್ತು. ಹಿಂದಿನ ಪರದೆಯಲ್ಲಿ ನೋಡಿದರೆ ಕಾಡಿಗೆ ಬಳಿದಂತೆ ಕಪ್ಪು, ನಡುವೆ ಹಾಲಿನ ಒಂದು ಬಿಳಿ ಎಳೆ. ಮಣೆಯ ಮೇಲಿಂದಲೇ ಪವಿತ್ರ ಹುಬ್ಬೆತ್ತಿ, ಸಿಕ್ತಾ ಎಂದು ಕೇಳಿದಳು. ನನಗೇನೂ ಕಂಡಿರಲಿಲ್ಲ. ಗೊತ್ತಿಲ್ಲ ಎಂದು ಕೈಯಾಡಿಸಿದೆ. ಅವಳ ಮುಖ ಸಣ್ಣದಾಯಿತು. ಆ ಮುಖವನ್ನು ಹಾಗೇ ಬಿಟ್ಟು ಉಳಿದ ಮದುವೆ ತೆಗೆಯುವುದು ನನಗೆ ಬಹಳ ಕಷ್ಟವಾಯಿತು.

ಸ್ಟುಡಿಯೊಗೆ ಬಂದು ಕಂಪ್ಯೂಟರಿನಲ್ಲಿ ಅದನ್ನೇ ಮೊದಲು ತೆರೆದೆ. ಈ ಕ್ಯಾಮೆರಾದ ದೊಡ್ಡ ಗುಣ ಇಲ್ಲಿದೆ. ರಾ ಫೈಲಿನಲ್ಲಿ, ಅಂದರೆ ಕ್ಯಾಮೆರಾ ತಾನಾಗಿ ಏನೂ ತಿದ್ದದೆ ಹಸಿಯಾಗಿ ಇಡುವ ಫೈಲಿನಲ್ಲಿ ತೆಗೆದಿದ್ದರೆ ಕತ್ತಲಿನೊಳಗೂ ಅದು ಎಷ್ಟನ್ನೋ ಅಡಗಿಸಿಟ್ಟಿರುತ್ತದೆ. ನಿಧಾನವಾಗಿ ಬೆಳಕು ಏರಿಸುತ್ತಾ ಹೋದೆ. ಮೊದಲು ಹಾಲು ಬಂತು, ಆಮೇಲೆ ಬಿಳಿ ಅಂಗಿ, ಆಮೇಲೆ ಗದರುತ್ತಿರುವ ಜಯಮ್ಮ. ಕೊನೆಗೆ ರಂಗಪ್ಪನವರು ಬಂದರು. ನಗುತ್ತಿದ್ದರು! ಬಾಯಿಯ ಒಂದು ತುದಿ ಕಿವಿಯವರೆಗೂ ಹೋಗಿತ್ತು, ಇನ್ನೊಂದು ತುದಿ ಇದ್ದಲ್ಲೇ ಇತ್ತು, ಕಣ್ಣೆರಡೂ ಮುಚ್ಚಿಹೋಗಿದ್ದವು. ಫೋಟೊ ತುಂಬ ತರಿತರಿ ಚುಕ್ಕೆಗಳು. ಕತ್ತಲಿನಿಂದ ಎಳೆದು ತಂದರೆ ನಡುವಿನ ದರ್ಜೆಯ ಕ್ಯಾಮೆರಾ ಅಷ್ಟು ಸುಂಕ ಕೇಳಿಯೇ ಕೇಳುತ್ತದೆ. ಸಾಬರಿಗೆ ಫೋನು ಮಾಡಿ, "ಕಾಣ್ಲಿಲ್ಲ ಸಾಬ್, ಸಿಕ್ಕಿದೆ" ಎಂದೆ. ಯಾವ ಮದುವೆ, ಏನು ಎಂದು ಒಂದೂ ಕೇಳದೆ, "ಶಾಬಾಸ್" ಎಂದರು.

ಆಲ್ಬಂ ಮಾಡುವ ಲ್ಯಾಬಿನವರ ತಕರಾರು ಬೇರೆ. "ಮೇಡಂ, ಈ ಅಂಕಲ್ ಬಾಯಿ ನೆಟ್ಟಗೆ ಮಾಡ್ಬಿಡ್ಲಾ? ಮುಖಾನೂ ನೈಸ್ ಮಾಡ್ತೀನಿ" ಎಂದು ಕೇಳಿದರು. ಪವಿತ್ರಳನ್ನು ಕೇಳಿದರೆ, "ಮುಟ್ಟಬ್ಯಾಡಿ ಅನ್ನಿ ಅಕ್ಕ" ಎಂದಳು. ಆಮೇಲೆ ದನಿ ಇಳಿಸಿ, "ಅಪ್ಪ ನೋಡಿ ನೊಂದ್ಕಂಡ್ರೆ? ಆಲ್ಬಂ ಕೊಡೋಕೆ ನೀವೇ ಬನ್ನಿ" ಎಂದಳು. ಅಷ್ಟು ಧೈರ್ಯದ ಹುಡುಗಿಗೂ ಅಳುಕಿತ್ತು. ನನಗೂ ಇತ್ತು.

ಕೊತ್ತಗೆರೆಗೆ ಹೋದೆ. ಆಲ್ಬಂಗೆ ಅರಿಶಿನ ಕುಂಕುಮ ಇಟ್ಟು, ಹಜಾರದ ಚಾಪೆಯ ಮೇಲೆ ರಂಗಪ್ಪನವರ ಮುಂದೆ ಇಟ್ಟರು. ತವರಿಗೆ ಬಂದಿದ್ದ ಪವಿತ್ರ ಅಪ್ಪನ ಪಕ್ಕದಲ್ಲೇ ಕೂತಳು. ಮಂಟಪದ ಹೂವಿನ ಫೋಟೊ ನೋಡಿ ಅವರು, "ನಾ ಹೇಳಿದ್ದನ್ನೇ ತೆಗ್ದವ್ರೆ ನೋಡು" ಎಂದು ಸಂತೋಷಪಟ್ಟರು. ಹಾಳೆ ತಿರುವುತ್ತಾ ಧಾರೆಯ ಪುಟಕ್ಕೆ ಬಂದರು. ಕೈ ನಿಂತಿತು.

ಬಹಳ ಹೊತ್ತು ನೋಡಿದರು. ಆಮೇಲೆ ಬೆರಳಿನಿಂದ ಫೋಟೊವನ್ನು ಸವರಿ, "ಇದೇನು ತಾಯಿ, ರಾಗಿಹಿಟ್ಟು ಚೆಲ್ಲಿದಂಗೈತೆ?" ಎಂದರು. ಫ್ಲ್ಯಾಶ್ ಬರಲಿಲ್ಲ, ಕತ್ತಲಿತ್ತು ಎಂದು ಹೇಳಿದೆ. ತಲೆಯಾಡಿಸಿದರು. ಯಾರ ಮುಖವನ್ನೂ ನೋಡದೆ, "ಈ ಬಾಯ್ನ ಸರಿ ಮಾಡಕ್ಕಾಗ್ಲಿಲ್ವಾ? ಈಗ ಎಲ್ಲಾ ಮಾಡ್ತಾರಂತಲ್ಲ" ಎಂದರು.

"ನಾನೇ ಬ್ಯಾಡ ಅಂದೆ ಅಪ್ಪ" ಎಂದಳು ಪವಿತ್ರ. ರಂಗಪ್ಪನವರ ಕೈ ಮೆಲ್ಲಗೆ ಟವಲಿನ ಕಡೆ ಹೋಯಿತು.

ಕಾಫಿ ಲೋಟ ಹಿಡಿದು ಬಂದ ಜಯಮ್ಮ ಬಗ್ಗಿ ನೋಡಿದರು. "ಏನ್ ಸರಿ ಮಾಡದು ಅದ್ರಾಗೆ? ನನ್ನ ನೋಡಕ್ ಬಂದಾಗ್ಲೂ ಹಿಂಗೇ ಅಲ್ವಾ ಸೊಟ್ಟಗೆ ನಕ್ಕಿದ್ದು? ಹುಡುಗನ ಬಾಯಿ ಯಾಕೆ ಹಂಗೈತೆ ಅಂತ ನಮ್ಮವ್ವ ಅವತ್ತೇ ಕೇಳಿದ್ಲು. ನಾನೇ, ಇರ್ಲಿ ಬುಡವ್ವ, ಚೆಂದಾಗೈತೆ ಅಂದೆ."

ರಂಗಪ್ಪನವರು ಬೆಪ್ಪಾಗಿ ಹೆಂಡತಿಯ ಮುಖ ನೋಡಿದರು. "ಲಕ್ವಾ ಹೊಡಿಯಕ್ ಮುಂಚೇನೂ ಸೊಟ್ಟನಾ?"

"ಇನ್ನೇನು? ಈಗ ಸ್ವಲ್ಪ ಜಾಸ್ತಿ ಆಗೈತೆ, ಅಷ್ಟೆ."

"ಮತ್ತೆ ಇಷ್ಟ್ ದಿನ ಯಾಕ್ ಹೇಳ್ಲಿಲ್ಲ?"

"ನೀವು ಯಾವತ್ತು ಕೇಳಿದ್ರಿ? ಲೋಟ ಹಿಡ್ಕಳಿ, ಸುಡ್ತೈತೆ."

ಅವರು ಒಂದು ಕೈಯಲ್ಲಿ ಲೋಟ ಹಿಡಿದರು. ಇನ್ನೊಂದು ಕೈ ಟವಲಿನ ಮೇಲೇ ಇತ್ತು. ನಗು ಬಂತು. ನಾನೂ ಪವಿತ್ರಳೂ ಆ ಕೈಯನ್ನೇ ನೋಡುತ್ತಿದ್ದೆವು. ಅದು ಟವಲನ್ನು ಬಿಟ್ಟು ಕೆಳಗಿಳಿದು, ಮಗಳ ತಲೆಯ ಮೇಲೆ ಹೋಗಿ ಕೂತಿತು. ಕಾಫಿ ತುಳುಕಿ ಪಂಚೆಯ ಮೇಲೆ ಚೆಲ್ಲಿದರೂ ನಿಲ್ಲಿಸದೆ, ಕಣ್ಣು ಮುಚ್ಚಿಕೊಂಡು, ಬಾಯ್ತುಂಬ ಸೊಟ್ಟಗೆ ನಕ್ಕರು. ಜಯಮ್ಮ ಚೆಲ್ಲಿದ ಕಾಫಿಗೆ ಗದರಲು ಶುರುಮಾಡಿ, ತಾವೂ ನಗತೊಡಗಿದರು.

ಪವಿತ್ರ ಕಣ್ಣು ಒರೆಸಿಕೊಳ್ಳುತ್ತಾ ನನ್ನ ಬ್ಯಾಗಿನ ಕಡೆ ಕೈ ತೋರಿಸಿದಳು. ಕ್ಯಾಮೆರಾ ನನ್ನ ಮೊಣಕಾಲ ಪಕ್ಕದಲ್ಲೇ ಇತ್ತು, ಬ್ಯಾಟರಿಯೂ ತುಂಬಿತ್ತು. ನಾನು ಜಿಪ್ ಎಳೆಯಲಿಲ್ಲ. ಆ ನಗುವನ್ನು ಶುರುವಿನಿಂದ ಮುಗಿಯುವವರೆಗೂ, ನಡುವೆ ಒಂದು ರೆಪ್ಪೆಯಷ್ಟೂ ಕತ್ತಲಾಗದಂತೆ, ಕಣ್ಣಾರೆ ಕಂಡೆ. ಅದಕ್ಕೇ ಅದರ ಫೋಟೊ ಇಲ್ಲ.